ಕ್ವಾರಿ ಸಿಡಿತವೋ, ಭೂಮಿಯ ನಡುಕವೋ: ಅಲೆ ನೋಡಿ ಹೇಗೆ ಹೇಳುತ್ತಾರೆ?

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. 2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮ ಕಡೆ ಎರಡು ಸಲ ನೆಲ ನಡುಗಿದ್ದು ನೆನಪಿದೆಯಲ್ಲ? ಮೊದಲನೆಯದು 7 ಗಂಟೆ 9 ನಿಮಿಷಕ್ಕೆ, ಎರಡನೆಯದು 5 ನಿಮಿಷ ಬಿಟ್ಟು. ಅಟ್ಟದ ಪಾತ್ರೆ ಗಲಗಲ ಅಂದವು. ಜನ ಆ ಚಳಿಯಲ್ಲೇ ಬೀದಿಗೆ ಬಂದು ನಿಂತರು. ಆಮೇಲೆ ಟಿವಿಯಲ್ಲಿ 2.9, 3.0 ಅಂತ ತೀವ್ರತೆ, ಆಳ ಎಲ್ಲ ಬಂತು. ನಮ್ಮೂರ ಹಿರಿಯರು ಇವತ್ತಿಗೂ ಒಪ್ಪಿಲ್ಲ. "ಅದೆಲ್ಲ ಕ್ವಾರಿಯವರ ಕೆಲಸ, ಅಧಿಕಾರಿಗಳು ಮುಚ್ಚಿಹಾಕಿದರು" ಅನ್ನುತ್ತಾರೆ.

ನನ್ನ ಪ್ರಶ್ನೆ ಎರಡು. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕೂತವರಿಗೆ ಇದು ಸಿಡಿಮದ್ದಲ್ಲ, ಭೂಮಿಯೇ ಅಲುಗಿದ್ದು ಅಂತ ಹೇಗೆ ಗೊತ್ತಾಗುತ್ತದೆ? ಇನ್ನೊಂದು, ನಮ್ಮ ಕೆಳಗಿನ ನೆಲ ಬಾಗುತ್ತಿದೆ, ಬಿರಿಯುತ್ತಿದೆ ಅಂತ ಇದರ ಅರ್ಥವಾ?

ಬಂಗಾರಪೇಟೆ ಬಾಬು

ಅಧಿಕಾರಿಗಳು ಮುಚ್ಚುವುದರಲ್ಲಿ ಅಷ್ಟು ಚುರುಕಾಗಿದ್ದಿದ್ದರೆ ನಮ್ಮ ರಸ್ತೆಯ ಗುಂಡಿಗಳನ್ನು ಮೊದಲು ಮುಚ್ಚುತ್ತಿದ್ದರು.

ಮೇಷ್ಟ್ರು, ಗೌರಿಬಿದನೂರು

ಸೀನ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹುಡುಕಲೆಂದೇ ನಮ್ಮ ಗೌರಿಬಿದನೂರಿನಲ್ಲಿ ಒಂದು ಕೇಂದ್ರ ಇದೆ. ನಿಮ್ಮದೇ ಜಿಲ್ಲೆ. 1965ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಾಯದಿಂದ ಕಟ್ಟಿದ್ದು. ಯಾವುದೋ ದೇಶ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ ಅದನ್ನು ಭೂಕಂಪದಿಂದ ಬೇರೆ ಮಾಡಿ ಗುರುತಿಸುವುದು ಅದರ ಮುಖ್ಯ ಕೆಲಸ. ಜನ ಇದನ್ನೂ ಇಲ್ಲಿನ ರೇಡಿಯೊ ದೂರದರ್ಶಕವನ್ನೂ ಒಂದೇ ಅಂದುಕೊಳ್ಳುತ್ತಾರೆ. ಅದು ಆಕಾಶ ನೋಡುವುದು, ಇದು ನೆಲಕ್ಕೆ ಕಿವಿ ಕೊಟ್ಟಿರುವುದು.

ಅಲ್ಲಿ 20 ಕಂಪನಮಾಪಕಗಳು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಎರಡು ಸಾಲಿನಲ್ಲಿ ಹರಡಿಕೊಂಡಿವೆ. ಒಂದೊಂದು ಸಾಲೂ 20 ಕಿ.ಮೀ.ಗಿಂತ ಉದ್ದ. ಅಷ್ಟು ಯಾಕೆ? ದೂರದಿಂದ ಬಂದ ಅಲೆ ಎಲ್ಲ ಮಾಪಕಗಳನ್ನೂ ಒಂದೇ ಕ್ಷಣಕ್ಕೆ ಮುಟ್ಟುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡಿದರೆ ಅಲೆ ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುತ್ತದೆ. ಆ ತಡವನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿಸಿದರೆ ನಿಜವಾದ ಅಲೆ ಎದ್ದು ಕಾಣುತ್ತದೆ. ಗಾಳಿ, ಲಾರಿ, ಪಂಪ್‌ಸೆಟ್ಟಿನ ಗದ್ದಲ ಒಂದಕ್ಕೊಂದು ಹೊಡೆದುಕೊಂಡು ಕಡಿಮೆಯಾಗುತ್ತದೆ.

ಇನ್ನು ಅಲೆಯ ವಿಚಾರ. ನೆಲದೊಳಗೆ ಏನಾದರೂ ಮುರಿದರೆ ಎರಡು ಥರದ ಅಲೆ ಹೊರಡುತ್ತದೆ. ಮೊದಲು ಬರುವುದು ಪಿ ಅಲೆ. ಅದು ಕಲ್ಲನ್ನು ಒತ್ತುತ್ತಾ ಬಿಡುತ್ತಾ ಸಾಗುತ್ತದೆ. ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಹಿಂದೆ ಬರುವುದು ಎಸ್ ಅಲೆ. ಅದು ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತದೆ, ವೇಗ ಸುಮಾರು 3.5 ಕಿ.ಮೀ. ಎರಡರ ನಡುವೆ 1 ಸೆಕೆಂಡ್ ಅಂತರ ಇದ್ದರೆ ಕಂಪನದ ಜಾಗ ಸುಮಾರು 8 ಕಿ.ಮೀ. ದೂರ ಅಂತ ಲೆಕ್ಕ. 10 ಸೆಕೆಂಡ್ ಇದ್ದರೆ 80 ಕಿ.ಮೀ. ಮೂರು ಕೇಂದ್ರಗಳಿಂದ ದೂರ ಸಿಕ್ಕರೆ ಜಾಗ ಎಲ್ಲಿ ಅಂತ ನಕ್ಷೆಯ ಮೇಲೆ ಬೆರಳಿಡಬಹುದು.

ಸಿಡಿತ ಮತ್ತು ನಡುಕದ ವ್ಯತ್ಯಾಸ ಮೊದಲ ಅಲೆಯಲ್ಲೇ ಇರುತ್ತದೆ. ಜಿಲೆಟಿನ್ ಸಿಡಿದಾಗ ಸುತ್ತಲಿನ ಕಲ್ಲನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಸುತ್ತಮುತ್ತಲ ಎಲ್ಲ ಕೇಂದ್ರಗಳಲ್ಲೂ ಪಿ ಅಲೆಯ ಮೊದಲ ಗೆರೆ ಮೇಲಕ್ಕೇ ಏಳುತ್ತದೆ. ಬಿರುಕಿನ ಗುಂಟ ಬಂಡೆ ಜಾರಿದರೆ ಹಾಗಾಗುವುದಿಲ್ಲ. ಬಿರುಕಿನ ಒಂದು ಮಗ್ಗುಲು ಈ ಕಡೆ ಸರಿಯುತ್ತದೆ, ಇನ್ನೊಂದು ಆ ಕಡೆ. ಸರಿದ ಕಡೆ ಮುಂದಿರುವ ಕೇಂದ್ರದಲ್ಲಿ ಗೆರೆ ಮೇಲೆ ಏಳುತ್ತದೆ, ಹಿಂದಿರುವ ಕೇಂದ್ರದಲ್ಲಿ ಕೆಳಗೆ ಇಳಿಯುತ್ತದೆ. ಸುತ್ತ ನಾಲ್ಕು ಭಾಗ ಮಾಡಿದ ಹಾಗೆ ಮೇಲೆ, ಕೆಳಗೆ, ಮೇಲೆ, ಕೆಳಗೆ ಬರುತ್ತದೆ. ಜೊತೆಗೆ ಸಿಡಿತದಲ್ಲಿ ಎಸ್ ಅಲೆ ಸಾಮಾನ್ಯವಾಗಿ ಸಣ್ಣದು.

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದ್ರಿ. ಅಂದರೆ ಆ ನಾಲ್ಕು ಭಾಗ ನೋಡಿದರೆ ಬಿರುಕು ಯಾವ ದಿಕ್ಕಿಗೆ ಇದೆ ಅಂತಲೂ ಗೊತ್ತಾಗುತ್ತದಾ?

ಮೇಷ್ಟ್ರು, ಗೌರಿಬಿದನೂರು

ಗೊತ್ತಾಗುತ್ತದೆ, ಆದರೆ ಎರಡು ಉತ್ತರ ಸಿಗುತ್ತದೆ. ಒಂದಕ್ಕೊಂದು ಅಡ್ಡಲಾಗಿರುವ ಎರಡು ಬಿರುಕುಗಳು ಒಂದೇ ಥರದ ಗೆರೆ ಕೊಡುತ್ತವೆ. ಯಾವುದು ನಿಜ ಅಂತ ತೀರ್ಮಾನಿಸಲು ಮೇಲಿನ ಕಲ್ಲಿನ ಸ್ವಭಾವ ನೋಡಬೇಕು, ಇಲ್ಲವೇ ಸುತ್ತ ಆದ ಸಣ್ಣ ಸಣ್ಣ ನಡುಕಗಳು ಯಾವ ಸಾಲಿನಲ್ಲಿ ಬಿದ್ದಿವೆ ಅಂತ ನೋಡಬೇಕು. ನೆಲ ಯಾವ ದಿಕ್ಕಿನಿಂದ ಒತ್ತಡದಲ್ಲಿದೆ, ಅದು ಹಿಸುಕಿಕೊಳ್ಳುತ್ತಿದೆಯೋ ಎಳೆದುಕೊಳ್ಳುತ್ತಿದೆಯೋ ಅನ್ನುವುದು ಇದರಿಂದಲೇ ತಿಳಿಯುವುದು. ನಿಮ್ಮ ಎರಡನೇ ಪ್ರಶ್ನೆಗೆ ದಾರಿ ಇದೇ.

ಚಾಂಪಿಯನ್ ರೀಫ್, ಕೆಜಿಎಫ್

ನಮ್ಮವರಿಗೆ ಇದೆಲ್ಲ ಮನೆಮಾತು. ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ಇದ್ದವರು. ಮಲಗಿದ್ದಾಗ ಮಂಚ ಅಲುಗಿದರೆ "ಬರ್ಸ್ಟ್ ಆಯ್ತು" ಅಂತ ಎದ್ದು ಕೂತು ಯಾವ ಶಾಫ್ಟ್ ಅಂತ ವಿಚಾರಿಸುತ್ತಿದ್ದರು. ಆಗ ಯಾರ ಮನೆಯವರು ಕೆಳಗೆ ಶಿಫ್ಟಿನಲ್ಲಿದ್ದಾರೆ ಅನ್ನುವುದೇ ಚಿಂತೆ.

ತಿಳಿಯದವರಿಗೆ ಹೇಳುತ್ತೇನೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಮೇಲಿನ ಬಂಡೆಯ ಭಾರ ವಿಪರೀತ. ಅದಿರು ತೆಗೆದು ಜಾಗ ಖಾಲಿ ಮಾಡಿದರೆ ಆ ಭಾರ ಅಕ್ಕಪಕ್ಕದ ಕಲ್ಲಿನ ಮೇಲೆ ಬೀಳುತ್ತದೆ. ಕಲ್ಲು ತಡೆದು ತಡೆದು ಒಂದು ಸಲ ಸಿಡಿಯುತ್ತದೆ. ಅದೇ ರಾಕ್ ಬರ್ಸ್ಟ್. ದೊಡ್ಡದಾದರೆ ಮೇಲಿನ ಊರಿನ ಮನೆಗಳೇ ಬಿರುಕು ಬಿಡುತ್ತಿದ್ದವು.

ಇದನ್ನು ಹಿಡಿಯಲು ಗಣಿಯೊಳಗೂ ಮೇಲೂ ಜಿಯೊಫೋನ್, ಅಂದರೆ ಕಲ್ಲಿನ ಕಂಪನ ಹಿಡಿಯುವ ಸಣ್ಣ ಮಾಪಕ, ಹಾಕಿದ್ದರು. ಮೇಷ್ಟ್ರು ಹೇಳಿದ ಅದೇ ಪಿ ಅಲೆಯ ಹೊತ್ತಿನ ಲೆಕ್ಕ, ಬರೀ ಚಿಕ್ಕ ಅಳತೆಯಲ್ಲಿ. ಸೆಕೆಂಡಿನ ಬದಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಎಣಿಸಬೇಕು. ಸಣ್ಣ ಸಿಡಿತಗಳು ಒಂದೇ ಕಡೆ ಗುಂಪು ಕಟ್ಟುತ್ತಾ ಬಂದರೆ ಅಲ್ಲಿ ಒತ್ತಡ ಸೇರುತ್ತಿದೆ ಅಂತ ಅರ್ಥ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಶುರುವಾಗಿದ್ದೂ ನಮ್ಮಲ್ಲೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪ್ ನಿಂತಿತು, ಸುರಂಗಗಳಲ್ಲಿ ನೀರು ತುಂಬಿಕೊಳ್ಳುತ್ತಾ ಬಂತು. ನಡುಕ ಮಾತ್ರ ಗಣಿಯ ಜೊತೆ ಮುಚ್ಚಲಿಲ್ಲ. ಜೋರು ಮಳೆ ಬಂದ ವರ್ಷ ನಮಗೆ ಈಗಲೂ ಅನುಮಾನ.

ಮೇಷ್ಟ್ರು, ಗೌರಿಬಿದನೂರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಗಣಿಯ ಚಾವಣಿ ಕುಸಿದರೆ ಕಲ್ಲು ಒಳಕ್ಕೆ ಬೀಳುತ್ತದೆ. ಆಗ ಎಲ್ಲ ಕೇಂದ್ರಗಳಲ್ಲೂ ಮೊದಲ ಗೆರೆ ಕೆಳಗೇ ಇಳಿಯುವುದು. ಸಿಡಿತಕ್ಕೆ ಎಲ್ಲ ಮೇಲೆ, ಕುಸಿತಕ್ಕೆ ಎಲ್ಲ ಕೆಳಗೆ, ಬಿರುಕು ಜಾರಿದರೆ ಮಿಶ್ರ. ನಿಜ ಜೀವನದಲ್ಲಿ ಗೆರೆಗಳು ಇಷ್ಟು ಶುದ್ಧವಾಗಿ ಬರುವುದಿಲ್ಲ. ನಡುಕ ಸಣ್ಣದಾದರೆ ದೂರದ ಕೇಂದ್ರದಲ್ಲಿ ಮೊದಲ ಗೆರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ರಿಗ್ ರಾಮಣ್ಣ, ಮಾಲೂರು

ಅಣ್ಣ, ನಾನು ಬೋರ್‌ವೆಲ್ ಗಾಡಿಯವನು. ನಮ್ಮ ಕಡೆ 1500 ಅಡಿ ಕೊರೆದರೂ ಬರೀ ಧೂಳು ಬರುತ್ತದೆ. ಎಲ್ಲಿ ನಡುಕ ಆದರೂ ಜನ ನಮ್ಮನ್ನೇ ಬೈಯುತ್ತಾರೆ, "ನೆಲವನ್ನೆಲ್ಲ ತೂತು ಮಾಡಿದ್ದೀರಿ" ಅಂತ. ಇದರಲ್ಲಿ ಏನಾದರೂ ನಿಜ ಇದೆಯಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಮಧುಗಿರಿ ಕಲ್ಲು, ತುಮಕೂರು

ರಾಮಣ್ಣ, ನಾನು ಭೂವಿಜ್ಞಾನ ಓದಿದವಳು, ನೇರವಾಗಿಯೇ ಹೇಳುತ್ತೇನೆ. ನಿಮ್ಮ ತೂತಿನಿಂದ ನಡುಕ ಬರುವುದಿಲ್ಲ. 1500 ಅಡಿ ಅಂದರೆ ಅರ್ಧ ಕಿಲೋಮೀಟರೂ ಇಲ್ಲ, ತೂತಿನ ಅಗಲ ಆರೂವರೆ ಇಂಚು. ಬಂಡೆಗೆ ಅದು ಲೆಕ್ಕಕ್ಕೇ ಇಲ್ಲ.

ಆದರೆ ನೀರಿನ ಕಥೆ ಬೇರೆ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಂಥ ಮಳೆ ಬಂತು ನೋಡಿದ್ದೀರಿ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಆ ನೀರು ಬಂಡೆಯ ಹಳೇ ಬಿರುಕುಗಳಲ್ಲಿ ಇಳಿಯುತ್ತದೆ. ಬಿರುಕಿನ ಎರಡು ಮಗ್ಗುಲನ್ನು ಬಿಗಿಯಾಗಿ ಹಿಡಿದಿರುವುದು ಮೇಲಿನ ಒತ್ತಡ. ಒಳಗೆ ನೀರಿನ ಒತ್ತಡ ಏರಿದರೆ ಆ ಹಿಡಿತ ಸ್ವಲ್ಪ ಸಡಿಲ. ಮೊದಲೇ ಜಾರುವ ಅಂಚಿನಲ್ಲಿದ್ದ ಬಿರುಕಾದರೆ ಜಾರಿಬಿಡುತ್ತದೆ. ಮಳೆಯಾಗಿ ಕೆಲವು ವಾರ ಬಿಟ್ಟು ಸಣ್ಣ ನಡುಕಗಳು ಸಾಲಾಗಿ ಬರುವುದಕ್ಕೆ ಇದು ಒಪ್ಪುವ ಕಾರಣ. ಅಣೆಕಟ್ಟಿನ ನೀರಿನಿಂದ ಇದೇ ದೊಡ್ಡ ಮಟ್ಟದಲ್ಲಿ ಆಗಿದ್ದು ಮಹಾರಾಷ್ಟ್ರದ ಕೊಯ್ನಾದಲ್ಲಿ, 1967ರ ಡಿಸೆಂಬರಿನಲ್ಲಿ. ಅದರ ತೀವ್ರತೆ 6.3.

ನೀರು ಎತ್ತುವುದರ ಮೇಲೂ ಅನುಮಾನ ಬಂದದ್ದಿದೆ. ಸ್ಪೇನಿನ ಲೋರ್ಕಾ ಪಟ್ಟಣದಲ್ಲಿ 2011ರಲ್ಲಿ 5.1ರ ಭೂಕಂಪ ಆಯಿತು. ಅಲ್ಲಿ ದಶಕಗಟ್ಟಲೆ ಅಂತರ್ಜಲ ಎತ್ತಿ ನೀರಿನ ಮಟ್ಟ ಸುಮಾರು 250 ಮೀಟರ್ ಇಳಿದಿತ್ತು. ಆ ಭಾರ ಕಡಿಮೆಯಾಗಿದ್ದೂ ಬಿರುಕು ಜಾರಲು ಒಂದು ಕಾರಣ ಅಂತ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಆದರೆ ಅಲ್ಲಿ ಮೊದಲೇ ಜೀವಂತ ಬಿರುಕು ಇತ್ತು. ಲೋರ್ಕಾವನ್ನು ಹಾಗೇ ತಂದು ಮಾಲೂರಿಗೆ ಅಂಟಿಸಬೇಡಿ.

ರಿಗ್ ರಾಮಣ್ಣ, ಮಾಲೂರು

ಸರಿ ಅಕ್ಕ. ಸ್ಪೇನಿನಲ್ಲೂ ನಮ್ಮಂಥವರು ಇದ್ದಾರೆ ಅಂತ ಗೊತ್ತಾಯಿತು.

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಒಂದು ಸಂಶಯ. ಆವತ್ತು ಮೊದಲ ನಡುಕದ ಆಳ 11 ಕಿ.ಮೀ., ಎರಡನೆಯದು 23 ಕಿ.ಮೀ. ಅಂತ ಸುದ್ದಿ ಬಂದಿತ್ತು. ಮಳೆ ನೀರು 23 ಕಿ.ಮೀ. ಇಳಿಯುತ್ತದಾ? ಅದೂ 5 ನಿಮಿಷದಲ್ಲಿ ನಡುಕ 12 ಕಿ.ಮೀ. ಕೆಳಗೆ ಹೋಯಿತಾ? ಇದನ್ನು ಹಿಡಿದುಕೊಂಡೇ ನಮ್ಮ ಹಿರಿಯರು "ಸುಮ್ನೆ ಏನೋ ಬರೆಯುತ್ತಾರೆ" ಅನ್ನುವುದು.

ಮೇಷ್ಟ್ರು, ಗೌರಿಬಿದನೂರು

ಹಿರಿಯರ ಅನುಮಾನದಲ್ಲಿ ಹುರುಳಿದೆ. ಆ ಆಳದ ಅಂಕಿಗಳನ್ನು ನಾನಂತೂ ಗಟ್ಟಿಯಾಗಿ ನಂಬುವುದಿಲ್ಲ. ಅಲೆಯ ಲೆಕ್ಕದಲ್ಲಿ ಅತಿ ಕಷ್ಟದ್ದು ಆಳವೇ. ಕೇಂದ್ರ 100 ಕಿ.ಮೀ. ದೂರದಲ್ಲಿದೆ ಅಂದುಕೊಳ್ಳಿ. ನಡುಕ 5 ಕಿ.ಮೀ. ಆಳದಲ್ಲಿದ್ದರೂ 15 ಕಿ.ಮೀ. ಆಳದಲ್ಲಿದ್ದರೂ ಅಲೆ ಸಾಗುವ ಒಟ್ಟು ದೂರ ಹೆಚ್ಚುಕಡಿಮೆ ಅಷ್ಟೇ. ಬರುವ ಹೊತ್ತಿನಲ್ಲಿ ವ್ಯತ್ಯಾಸ ಸೆಕೆಂಡಿನ ಒಂದು ತುಣುಕು. ಆಳ ಸರಿಯಾಗಿ ಸಿಗಬೇಕಾದರೆ ನಡುಕದ ತಲೆಯ ಮೇಲೆಯೇ, ಕೆಲವೇ ಕಿ.ಮೀ. ಒಳಗೆ ಒಂದು ಮಾಪಕ ಇರಬೇಕು. ಹಾಗಿಲ್ಲದೆ ಬೇಗ ಬಿಡುಗಡೆ ಮಾಡಿದ ಅಂಕಿಯಲ್ಲಿ ಹತ್ತು ಕಿಲೋಮೀಟರ್ ಆಚೀಚೆ ಆದರೆ ಆಶ್ಚರ್ಯ ಇಲ್ಲ.

ನಡುಕ ಆದದ್ದರ ಬಗ್ಗೆ, ಜಾಗದ ಬಗ್ಗೆ ಅನುಮಾನ ಬೇಡ. ಆಳವನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಚಾಂಪಿಯನ್ ರೀಫ್, ಕೆಜಿಎಫ್

ಇದು ನಿಜ. ಗಣಿಯಲ್ಲಿ ಕೆಳಗಿನ ಲೆವೆಲ್‌ನಲ್ಲೇ ಜಿಯೊಫೋನ್ ಇದ್ದದ್ದರಿಂದ ಆಳ ಪಕ್ಕಾ ಸಿಗುತ್ತಿತ್ತು.

ಶಿರಾ ಶಾರದ

ನಾನು ಮನೆ ಕಟ್ಟಿಸುತ್ತಿದ್ದೇನೆ, ಅದಕ್ಕೇ ಇಣುಕಿದೆ. 3.0 ಅಂದರೆ ಎಷ್ಟು ಭಯಪಡಬೇಕು? 6 ಅಂದರೆ ಅದರ ಎರಡರಷ್ಟು ಅಷ್ಟೇ ಅಲ್ವಾ?

ಮೇಷ್ಟ್ರು, ಗೌರಿಬಿದನೂರು

ಅಲ್ಲ ಅಮ್ಮ. ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಆದದ್ದು 6.2. ಅದಕ್ಕೂ ಚಿಕ್ಕಬಳ್ಳಾಪುರದ 3.0ಕ್ಕೂ ಶಕ್ತಿಯಲ್ಲಿ 60 ಸಾವಿರ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. 3.0ಕ್ಕೆ ಪಿಲ್ಲರ್ ಹಾಕಿ ಕಟ್ಟಿದ ಮನೆಗೆ ಏನೂ ಆಗುವುದಿಲ್ಲ. ಹಾಗಂತ ಕಂಬಿ, ರಿಂಗ್ ಉಳಿಸಲು ಹೋಗಬೇಡಿ. ಕಿಲ್ಲಾರಿಯೂ ನಮ್ಮ ಹಾಗೆಯೇ "ಗಟ್ಟಿ ನೆಲ, ಇಲ್ಲಿ ಏನೂ ಆಗಲ್ಲ" ಅಂತ ಹೆಸರಾದ ಜಾಗವೇ. ಅಲ್ಲಿ ಸಾವಿರಾರು ಜನ ಸತ್ತದ್ದು ಭಾರದ ಕಲ್ಲು ಮಣ್ಣಿನ ಮನೆಗಳು ಮೈಮೇಲೆ ಬಿದ್ದು.

ಬಂಗಾರಪೇಟೆ ಬಾಬು

ಮುಂದಿನ ಅಮಾವಾಸ್ಯೆಗೆ ಕೋಲಾರದಲ್ಲಿ 7ರ ಭೂಕಂಪ ಅಂತ ವಾಟ್ಸಾಪಿನಲ್ಲಿ ಬಂದಿದೆ. ರಜೆ ಹಾಕಲಾ?

ಮಧುಗಿರಿ ಕಲ್ಲು, ತುಮಕೂರು

ದಿನ, ಊರು, ತೀವ್ರತೆ ಮೂರನ್ನೂ ಮೊದಲೇ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ರಜೆ ಬೇರೆ ಕಾರಣಕ್ಕೆ ಹಾಕಿ.

ಸೀನ ಅವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ನೆಲ ಈಗ ಬಾಗುತ್ತಿದೆಯಾ? ಭಾರತವನ್ನು ಹೊತ್ತಿರುವ ಭೂಫಲಕ (ಪ್ಲೇಟ್) ಇಡೀ ಈಶಾನ್ಯದ ಕಡೆ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಜಿಪಿಎಸ್ ಕೇಂದ್ರವೂ ಅದರ ಜೊತೆಗೇ ಹೋಗುತ್ತಿದೆ. ಆದರೆ ಇಲ್ಲಿ ಎಲ್ಲವೂ ಒಟ್ಟಿಗೆ ಹೋಗುತ್ತಿದೆ. ಕೋಲಾರಕ್ಕೂ ತುಮಕೂರಿಗೂ ನಡುವಿನ ಅಂತರ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಹಿಮಾಲಯದಲ್ಲಿ ಆಗುವಂಥ ಮಡಿಕೆ ಇಲ್ಲಿ ಈಗ ಇಲ್ಲ.

ಮಡಿಕೆ, ಬಿರುಕು, ಎಳೆತ ಎಲ್ಲ ಇಲ್ಲಿ ಆಗಿಹೋಗಿದೆ, ಸುಮಾರು 250 ಕೋಟಿ ವರ್ಷದ ಹಿಂದೆ. ಆ ಗುರುತು ಕಲ್ಲಿನಲ್ಲಿ ಉಳಿದಿದೆ. ಕೋಲಾರದ ಚಿನ್ನದ ಪಟ್ಟಿ ನೋಡಿ. ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಅಗಲ ಕೆಲವೇ ಕಿ.ಮೀ. ಅದರ ಪೂರ್ವದ ಕಲ್ಲಿಗೂ ಪಶ್ಚಿಮದ ಕಲ್ಲಿಗೂ ವಯಸ್ಸು, ರಾಸಾಯನಿಕ ಗುಣ ಹೊಂದುವುದಿಲ್ಲ. ಬೇರೆ ಬೇರೆ ಕಡೆ ಹುಟ್ಟಿದ ಎರಡು ತುಂಡು ನೆಲ ಬಂದು ಸೇರಿಕೊಂಡ ಹೊಲಿಗೆ ಇದು ಅಂತ ಹಲವರ ವಾದ. ನನಗೂ ಅದೇ ಸರಿ ಅನಿಸುತ್ತದೆ. ನಮ್ಮ ತುಮಕೂರು ಜಿಲ್ಲೆ ಇನ್ನೂ ಮಜಾ. ಪೂರ್ವದಲ್ಲಿ ಮಧುಗಿರಿ, ಪಾವಗಡದ ಕಡೆ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುವ ಉದ್ದನೆಯ ಬಂಡೆ ಪಟ್ಟಿ. ಪಶ್ಚಿಮದಲ್ಲಿ ಚಿಕ್ಕನಾಯಕನಹಳ್ಳಿಯ ಕಬ್ಬಿಣ, ಮ್ಯಾಂಗನೀಸ್ ಇರುವ ಚಿತ್ರದುರ್ಗ ಶಿಲಾಪಟ್ಟಿ. ಒಂದೇ ಜಿಲ್ಲೆಯೊಳಗೆ ಬಸ್ಸಿನಲ್ಲಿ ಹೋದರೆ ಪೂರ್ವ ಧಾರವಾಡದಿಂದ ಪಶ್ಚಿಮ ಧಾರವಾಡಕ್ಕೆ ದಾಟಿಬಿಡುತ್ತೀರಿ. ಧಾರವಾಡ ಅಂದರೆ ಇಲ್ಲಿ ಊರಲ್ಲ, ಇಡೀ ಹಳೇ ಶಿಲಾಖಂಡ.

ಇದು ಮೇಲಿನಿಂದ ಕಾಣುವುದು. ಕೆಳಗೆ? ಅಲ್ಲಿಗೆ ಯಾವ ರಿಗ್ಗೂ ಹೋಗುವುದಿಲ್ಲ, ಅಲೆಯೇ ಹೋಗಬೇಕು. ಜಪಾನಿನಲ್ಲೋ ಇಂಡೋನೇಷ್ಯಾದಲ್ಲೋ ಭೂಕಂಪ ಆದರೆ ಅದರ ಪಿ ಅಲೆ ಭೂಮಿಯ ಒಳಗಿಂದ ನಮ್ಮ ಕಾಲಡಿಗೆ ಏರಿಬರುತ್ತದೆ. ಹೊರಪದರ ಮುಗಿದು ಒಳಪದರ ಶುರುವಾಗುವ ಗಡಿ ಇದೆ. 1909ರಲ್ಲಿ ಕ್ರೊಯೇಷಿಯಾದ ಭೂಕಂಪವೊಂದರ ಅಲೆಗಳನ್ನು ನೋಡಿ ಅಲ್ಲಿನ ವಿಜ್ಞಾನಿ ಮೊಹೊರೊವಿಚಿಚ್ ಕಂಡುಹಿಡಿದದ್ದು ಇದನ್ನೇ. ಆ ಗಡಿ ದಾಟುವಾಗ ಪಿ ಅಲೆಯ ಒಂದು ಪಾಲು ಎಸ್ ಅಲೆಯಾಗಿ ಬದಲಾಗುತ್ತದೆ. ಎಸ್ ನಿಧಾನವಾದ್ದರಿಂದ ಮಾಪಕಕ್ಕೆ ಸ್ವಲ್ಪ ತಡವಾಗಿ ಬರುತ್ತದೆ. ಹೊರಪದರ 35 ಕಿ.ಮೀ. ದಪ್ಪ ಇದ್ದರೆ ಸುಮಾರು 4 ಸೆಕೆಂಡ್ ತಡ. 45 ಕಿ.ಮೀ. ಇದ್ದರೆ 5 ಸೆಕೆಂಡಿಗಿಂತ ಜಾಸ್ತಿ. ಹೀಗೆ ಅಳೆದಾಗ ಪೂರ್ವ ಧಾರವಾಡದಲ್ಲಿ ದಪ್ಪ 35 ಕಿ.ಮೀ. ಆಸುಪಾಸು ಬಂತು. ಪಶ್ಚಿಮದಲ್ಲಿ 40 ದಾಟಿ, ಕೆಲವು ಕಡೆ 50ರವರೆಗೂ. ಇಂಥ ಕೆಲಸ ಜಾಸ್ತಿ ಮಾಡಿದ್ದು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು.

ಇಷ್ಟು ಹಳೇ ನೆಲದಲ್ಲಿ, ಎತ್ತರದ ಪರ್ವತ ಇಲ್ಲದೆಯೂ 50 ಕಿ.ಮೀ. ದಪ್ಪ ಯಾಕೆ? ಹಿಂದೆ ಹಿಸುಕಿ ಒಂದರ ಮೇಲೊಂದು ಪೇರಿಸಿಕೊಂಡದ್ದರ ಉಳಿಕೆ ಅದು ಅನ್ನುವುದು ಒಂದು ಉತ್ತರ. ಮೇಲಿನ ಬೆಟ್ಟ ಸವೆದುಹೋಯಿತು, ಬೇರು ಉಳಿಯಿತು.

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಅಕ್ಕ, ದಪ್ಪ ಗೊತ್ತಾಯಿತು. ಆದರೆ ಯಾವ ಕಡೆಯಿಂದ ಹಿಸುಕಿತು ಅಂತ ಈಗ ಹೇಗೆ ಹೇಳುವುದು? 250 ಕೋಟಿ ವರ್ಷ ಆಗಿಹೋಯಿತಲ್ಲ.

ಮಧುಗಿರಿ ಕಲ್ಲು, ತುಮಕೂರು

ಸೌದೆ ಸೀಳಿದ್ದೀರಲ್ಲ? ನಾರಿನ ಗುಂಟ ಕೊಡಲಿ ಸಲೀಸಾಗಿ ಇಳಿಯುತ್ತದೆ, ಅಡ್ಡ ಹೊಡೆದರೆ ಕಚ್ಚಿಕೊಳ್ಳುತ್ತದೆ. ಹಿಸುಕಿದ ಕಲ್ಲಿಗೂ ಹಾಗೇ ಒಂದು ನಾರು ಬಂದಿರುತ್ತದೆ. ಅಭ್ರಕದಂಥ ಖನಿಜಗಳು ಒಂದೇ ದಿಕ್ಕಿಗೆ ಮಲಗಿಕೊಳ್ಳುತ್ತವೆ, ಬಿರುಕುಗಳೂ ಸಾಲಾಗುತ್ತವೆ. ಇಂಥ ಕಲ್ಲಿಗೆ ಎಸ್ ಅಲೆ ಬಂದರೆ ಅದು ಎರಡಾಗಿ ಒಡೆಯುತ್ತದೆ. ನಾರಿನ ಗುಂಟ ಅಲುಗುವ ಪಾಲು ಬೇಗ ಬರುತ್ತದೆ, ಅಡ್ಡ ಅಲುಗುವ ಪಾಲು ತಡವಾಗಿ. ಹೊರಪದರದೊಳಗೆ ಈ ತಡ ಸೆಕೆಂಡನ್ನು ಹತ್ತು ಮಾಡಿದರೆ ಅದರಲ್ಲಿ ಕೆಲವು ಭಾಗ ಅಷ್ಟೇ. ಬೇಗ ಬಂದದ್ದು ಯಾವ ದಿಕ್ಕು ಅಂತ ನೋಡಿದರೆ ಕೆಳಗಿನ ನಾರು ಯಾವ ಕಡೆ ಅಂತ ಸಿಗುತ್ತದೆ.

ಒಂದು ತೊಡಕಿದೆ. ಒಳಪದರದಲ್ಲಿ ಆಲಿವಿನ್ ಅನ್ನುವ ಖನಿಜವೂ ಹೀಗೇ ಸಾಲಾಗಿರುತ್ತದೆ. ಅದು ಕೊಡುವ ತಡ ಇದಕ್ಕಿಂತ ಜಾಸ್ತಿ, ಒಂದು ಸೆಕೆಂಡಿನ ಆಸುಪಾಸು. ಮೇಲಿನ ನಾರು ಯಾವುದು, ಕೆಳಗಿನದು ಯಾವುದು ಅಂತ ಬೇರೆ ಮಾಡುವುದರಲ್ಲೇ ಜನರ ಪಿಎಚ್‌ಡಿ ಮುಗಿಯುತ್ತದೆ.

ರಿಗ್ ರಾಮಣ್ಣ, ಮಾಲೂರು

ಜಪಾನಿನಲ್ಲಿ ಭೂಕಂಪ ಆಗಲಿ ಅಂತ ಕಾಯುತ್ತಾ ಕೂರಬೇಕಾ ಅಕ್ಕ? ನಾವೇ ಇಲ್ಲಿ ಸಿಡಿಸಿ ನೋಡಲು ಆಗಲ್ವಾ?

ಮಧುಗಿರಿ ಕಲ್ಲು, ತುಮಕೂರು

ಆಗುತ್ತದೆ, ಮಾಡಿಯೂ ಇದ್ದಾರೆ. 1970ರ ದಶಕದ ಆರಂಭದಲ್ಲಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸುಮಾರು 600 ಕಿ.ಮೀ. ಗೆರೆಯಲ್ಲಿ ಮದ್ದು ಸಿಡಿಸಿ ಅಲೆ ಹಿಡಿದರು. ಸೋವಿಯತ್ ವಿಜ್ಞಾನಿಗಳ ಸಹಕಾರ ಇತ್ತು. ದೇಶದಲ್ಲಿ ಆ ಥರದ್ದು ಅದೇ ಮೊದಲು. ನಿಮ್ಮಂಥವರು ತೂತು ಕೊರೆದುಕೊಟ್ಟರೆ ತಾನೇ ಮದ್ದು ಹಾಕುವುದು, ಅದಕ್ಕೆ ಹೆಮ್ಮೆಪಡಿ.

ಈಗ ಸಿಡಿಸದೆಯೂ ಆಗುತ್ತದೆ. ಸಮುದ್ರದ ಅಲೆ ದಡಕ್ಕೆ ಬಡಿಯುವುದು, ಗಾಳಿ, ಹೆದ್ದಾರಿಯ ಲಾರಿಗಳು ಎಲ್ಲ ಸೇರಿ ನೆಲ ಯಾವಾಗಲೂ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಎರಡು ಮಾಪಕಗಳಲ್ಲಿ ತಿಂಗಳುಗಟ್ಟಲೆ ಆ ಗದ್ದಲ ಹಿಡಿದು ಹೋಲಿಸಿದರೆ ಒಂದರಿಂದ ಇನ್ನೊಂದಕ್ಕೆ ಅಲೆ ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ತಿಳಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಏರಿದಾಗ ಮೇಲ್ಪದರದಲ್ಲಿ ಆ ವೇಗ ಒಂದು ಚೂರು ಬದಲಾಗುವುದನ್ನೂ ಬೇರೆ ದೇಶಗಳಲ್ಲಿ ಹಿಡಿದಿದ್ದಾರೆ. ನಮ್ಮ ಮೂರು ಜಿಲ್ಲೆಗೆ ಇದನ್ನು ಮಾಡಿದರೆ ಸೀನ ಅವರ ಊರಿನ ಜಗಳಕ್ಕೂ ರಾಮಣ್ಣನ ಬೋರಿಗೂ ಎರಡಕ್ಕೂ ಉಪಯೋಗ.

ಚಾಂಪಿಯನ್ ರೀಫ್, ಕೆಜಿಎಫ್

ನಮ್ಮ ಹಳೇ ಶಾಫ್ಟ್ ಹತ್ತಿರವೂ ಒಂದು ಇಡಲಿ. ಗದ್ದಲಕ್ಕೆ ಬರ ಇಲ್ಲ.

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಎಲ್ಲರಿಗೂ ಧನ್ಯವಾದ. ಈಗ ನಮ್ಮೂರಿನಲ್ಲಿ ಕೆಲಸಕ್ಕೆ ಬರುವ ಮಾತು ಹೇಳಿ. ಮುಂದಿನ ಸಲ ನಡುಗಿದರೆ ನಾವು ಏನು ಮಾಡಬೇಕು?

ಮೇಷ್ಟ್ರು, ಗೌರಿಬಿದನೂರು

ನಡುಗುತ್ತಿರುವಾಗ ಓಡಬೇಡಿ, ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಿ. ನಿಂತ ಮೇಲೆ ಹೊರಗೆ ಬನ್ನಿ, ಆಮೇಲೆ ಮೊಬೈಲಿನಲ್ಲಿ ಹೊತ್ತು ಬರೆದುಕೊಳ್ಳಿ. ಒಂದೇ ಧಡಕ್ಕಾ, ಅಥವಾ ಮೊದಲು ಸಣ್ಣ ಅದುರು, ಆಮೇಲೆ ದೊಡ್ಡ ಅಲುಗಾಟವಾ ಅಂತ ನೆನಪಿಡಿ. ಸದ್ದು ಗಾಳಿಯಲ್ಲಿ ಬಂತಾ, ಕಾಲಡಿಯಿಂದ ಬಂತಾ ಅನ್ನುವುದನ್ನೂ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದವರ ಭೂಕಂಪ್ ಆಪ್ ಇದೆ, ಅದರಲ್ಲಿ ನೋಡಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರಕ್ಕೂ ತಿಳಿಸಿ. ಅವರ ಪಟ್ಟಿಯ ಹೊತ್ತನ್ನು ಕ್ವಾರಿಯವರು ಮದ್ದು ಸಿಡಿಸಿದ ಹೊತ್ತಿನ ಜೊತೆ ಇಟ್ಟು ನೋಡಿ. ರಾತ್ರಿ ಎರಡು ಗಂಟೆಗೆ ನಡುಗಿದರೆ ಕ್ವಾರಿಯ ಮೇಲೆ ಅನುಮಾನ ಕಡಿಮೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೇ ನಡುಗುತ್ತಿದ್ದರೆ ಹಿರಿಯರ ಮಾತು ಕೇಳಿ.

ಸ್ಕಂದಗಿರಿ ಸೀನ, ಚಿಕ್ಕಬಳ್ಳಾಪುರ

ಮುಂದಿನ ಗ್ರಾಮಸಭೆಯಲ್ಲಿ ಕ್ವಾರಿಯವರ ಸಿಡಿತದ ವೇಳಾಪಟ್ಟಿ ಕೇಳುತ್ತೇನೆ ಮೇಷ್ಟ್ರೇ.

ಮೇಷ್ಟ್ರು, ಗೌರಿಬಿದನೂರು

ಸೆಕೆಂಡ್ ಸಮೇತ ಕೇಳಿ.

ಬಂಗಾರಪೇಟೆ ಬಾಬು

ತಾರೀಖು ಸರಿಯಾಗಿ ಕೊಟ್ಟರೆ ಅದೇ ದೊಡ್ಡದು.